ಎಸಿ ಕಿತ್ತಾಯ್ತು, ಆ ತೂತು ಮುಚ್ಚಿದ್ರಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಳೇ ಕಾರು ಓಡಿಸ್ತಿರೋರಿಗೆ ಇವತ್ತಿನ ಮಾತು.

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ನಮ್ಮೂರುಗಳಲ್ಲಿ ಇನ್ನೂ ಓಡ್ತಿವೆ. ಅಂಥ ಕಾರಿನ ಎಸಿ ಕೆಟ್ಟರೆ ರಿಪೇರಿಗೆ ದುಡ್ಡು ಸುರಿಯೋಕೆ ಮನಸ್ಸು ಬರಲ್ಲ. ‘ಕಿತ್ತು ಹಾಕ್ಬಿಡಣ್ಣ’ ಅಂತೀವಿ. ಕಿತ್ತ ಮೇಲೆ ಪೈಪ್ ಹಾದುಹೋಗ್ತಿದ್ದ ಕಡೆ ತೂತು ಉಳಿಯುತ್ತೆ. ಅದು ಇರೋದು ಎಂಜಿನ್‌ಗೂ ನಮ್ಮ ಕಾಲಿಗೂ ನಡುವಿನ ತಗಡಿನ ಗೋಡೆಯಲ್ಲಿ. ಇದನ್ನೇ ಫೈರ್‌ವಾಲ್ ಅನ್ನೋದು.

ಹೊಗೆಸೊಪ್ಪಿನ ಬ್ಯಾರನ್ ನೆನಪಿಸಿಕೊಳ್ಳಿ. ಹೊಗೆ ತಗಡಿನ ಪೈಪಿನೊಳಗೇ ಸುತ್ತಿ ಆಚೆ ಹೋಗುತ್ತೆ, ಸೊಪ್ಪಿಗೆ ತಾಕೋದು ಕಾವು ಮಾತ್ರ. ಪೈಪ್ ತೂತಾದರೆ ಹೊಗೆ ಹಿಡಿದು ಸೊಪ್ಪು ಕೆಡುತ್ತೆ ಅಂತ ಬೆಂಕಿ ಹಾಕೋಕೆ ಮುಂಚೆನೇ ನೋಡ್ಕೋತೀವಿ. ಕಾರಲ್ಲಿ ಕೂತ ಮನೆಯವರ ವಿಷಯದಲ್ಲೂ ಅಷ್ಟು ಎಚ್ಚರ ಬೇಡ್ವಾ?

ಯಾಕಂದ್ರೆ ಸೈಲೆನ್ಸರ್ ಪೈಪಿನ ಜಾಯಿಂಟ್ ಎಲ್ಲಾದರೂ ಬಿಟ್ಟಿದ್ದರೆ ಕಾರ್ಬನ್ ಮೊನಾಕ್ಸೈಡ್ ಆ ತೂತಿನಿಂದ ಒಳಗೆ ಬರಬಹುದು. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ತಲೆನೋವು, ವಾಕರಿಕೆ, ಮಂಪರು ಶುರುವಾದಾಗ ಪ್ರಯಾಣದ ಸುಸ್ತು ಅಂದ್ಕೋತೀವಿ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಹೋಗುವಾಗ ಅಪಾಯ ಇನ್ನೂ ಜಾಸ್ತಿ. ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡರೆ ಅದಕ್ಕೂ ಇದೇ ದಾರಿ.

ಇನ್ನು ಮುಚ್ಚೋದು ಹೇಗೆ? ಬಟ್ಟೆ ತುರುಕೋದು, ಥರ್ಮಾಕೋಲ್ ಇಡೋದು, ಸ್ಪ್ರೇ ಫೋಮ್ ಹೊಡೆಯೋದು ಬೇಡ. ಇವು ಹೊತ್ತಿ ಉರಿಯುತ್ತವೆ. ತಗಡಿನ ಗೋಡೆಗೆ ತಗಡೇ ಬೇಕು.

ಎಸಿ ಕೀಳೋಕೆ ಮುಂಚೆ ಗ್ಯಾಸನ್ನು ಎಸಿ ಮೆಕ್ಯಾನಿಕ್ ಹತ್ತಿರ ಮೆಷಿನ್‌ನಲ್ಲಿ ತೆಗೆಸಿ. ಪೈಪ್ ಬಿಚ್ಚಿ ಗಾಳಿಗೆ ಬಿಟ್ಟರೆ ವಾತಾವರಣಕ್ಕೂ ಕೆಟ್ಟದ್ದು, ಕೈಗೆ ಕಣ್ಣಿಗೆ ತಾಗಿದರೂ ಪೆಟ್ಟು. ಕೆಲಸ ಶುರು ಮಾಡೋವಾಗ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ.

ತೂತಿನ ಸುತ್ತ ತುಕ್ಕು ಕೆರೆದು ಪ್ರೈಮರ್ ಹಚ್ಚಿ. ಎಲ್ಲಾ ಕಡೆ ಒಂದು ಇಂಚು ದೊಡ್ಡದಾಗಿ ಸ್ಟೀಲ್ ತಗಡು ಕತ್ತರಿಸಿ. ನಡುವೆ ಹೆಚ್ಚು ಶಾಖ ತಡೆಯೋ ಸೀಲೆಂಟ್ ಹಚ್ಚಿ, ಎಂಜಿನ್ ಕಡೆಯಿಂದ ಬೋಲ್ಟ್ ಇಲ್ಲವೇ ರಿವೆಟ್ ಹಾಕಿ. ಟಿಂಕರಿಂಗ್ ಅಂಗಡಿಯವರಿಗೆ ಇದು ದೊಡ್ಡ ಕೆಲಸವಲ್ಲ. ಆದರೆ ವೆಲ್ಡಿಂಗ್ ಬೇಡ ಅನ್ನಿ. ಗೋಡೆ ಹಿಂದೆಯೇ ವೈರು, ಕಾರ್ಪೆಟ್ ಇರುತ್ತೆ.

ಅದೇ ಜಾಗದಲ್ಲಿ ವೈರ್ ಹೋಗಬೇಕಿದ್ದರೆ ರಬ್ಬರ್ ಗ್ರೊಮೆಟ್ ಹಾಕಿಸಿ. ಇಲ್ಲದಿದ್ದರೆ ತಗಡಿನ ಅಂಚು ವೈರ್ ಕೊಯ್ದು ಶಾರ್ಟ್ ಆಗುತ್ತೆ. ಎಸಿ ನೀರು ಹೊರಗೆ ಬೀಳ್ತಿದ್ದ ಸಣ್ಣ ತೂತನ್ನೂ ಮರೀಬೇಡಿ. ಆದರೆ ವೈಪರ್ ಕೆಳಗಿನ ಮಳೆನೀರು ಹೋಗೋ ದಾರಿ ಮುಚ್ಚಬೇಡಿ, ಮುಚ್ಚಿದರೆ ನೀರು ಕಾರೊಳಗೆ ಬರುತ್ತೆ.

ಕೊನೆಗೆ ಒಂದು ಪರೀಕ್ಷೆ. ರಾತ್ರಿ ಎಂಜಿನ್ ಆಫ್ ಇರುವಾಗ ಒಬ್ಬರು ಬಾನೆಟ್ ಒಳಗೆ ಮೊಬೈಲ್ ಟಾರ್ಚ್ ಹಿಡೀಲಿ. ಇನ್ನೊಬ್ಬರು ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿ. ಬೆಳಕು ಬಂದ ಕಡೆ ಹೊಗೆಯೂ ಬರುತ್ತೆ. ಬೆಳಕು ಕಾಣೋವರೆಗೂ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ.