ಯಾವುದು ಕೆಲಸ, ಯಾವುದಲ್ಲ?



ಇಂದಿನ ಚಿಂತನಕ್ಕೆ ಆಯ್ದುಕೊಂಡ ವಿಷಯ ಕೇಳುವುದಕ್ಕೆ ಸ್ವಲ್ಪ ಭಾರವಾದದ್ದು: ಸಾಮಾಜಿಕ ಅಭಿವೃದ್ಧಿಯ ಅಧ್ಯಯನ ಮತ್ತು ಸ್ತ್ರೀವಾದ. ವಿಶ್ವವಿದ್ಯಾಲಯಗಳಲ್ಲಿ ಚರ್ಚೆಯಾಗುವ ವಿಷಯವಾದರೂ ಇದರ ಬೇರು ಇರುವುದು ಅಡುಗೆಮನೆಯಲ್ಲಿ. ಮುಂಬಯಿಯ ಮಟ್ಟಿಗೆ ಹೇಳುವುದಾದರೆ, ಲಾಲ್‌ಬಾಗ್, ಪರೇಲ್‌ಗಳ ಚಾಳಿನ ಅಡುಗೆಮನೆಯಲ್ಲಿ.

ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಈ ಭಾಗಕ್ಕೆ ಗಿರಣ್‌ಗಾಂವ್ ಎಂದೇ ಹೆಸರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಕಾರ್ಮಿಕರು ಒಂದೊಂದು ಖೋಲಿಯಲ್ಲಿ ಗುಂಪಾಗಿ ಇರುತ್ತಿದ್ದರು. ಅವರಿಗೆ ಊಟ ಹಾಕುತ್ತಿದ್ದವರು ಅಕ್ಕಪಕ್ಕದ ಹೆಂಗಸರು. ಇದೇ ಖಾನಾವಳಿ. ಉತ್ತರ ಕರ್ನಾಟಕದ ನಮ್ಮವರಿಗೆ ಈ ಪದ ಹೊಸದೇನಲ್ಲ. ಗಿರಣಿಯ ಪಾಳಿಗೆ ಸರಿಯಾಗಿ ಭಾಕರಿ, ಪಲ್ಯ ಸಿದ್ಧವಾಗಬೇಕು. ಹಣ ಬರುವುದು ಮಾತ್ರ ಕಾರ್ಮಿಕನ ಸಂಬಳವಾದ ಮೇಲೆ. ಅಲ್ಲಿಯವರೆಗೆ ಅಂಗಡಿಯವನ ಉದ್ದರಿ, ಸಾಹುಕಾರನ ಬಡ್ಡಿ.

ಈಗ ಒಂದು ಲೆಕ್ಕ ನೋಡೋಣ. ಆಕೆ ಹತ್ತು ಭಾಕರಿ ತಟ್ಟಿದಳು ಎಂದುಕೊಳ್ಳಿ. ಆರು ಖಾನಾವಳಿಯವರಿಗೆ, ನಾಲ್ಕು ಮನೆಯವರಿಗೆ. ಅದೇ ಒಲೆ, ಅದೇ ಹಿಟ್ಟು, ಅದೇ ಕೈ. ಆದರೆ ಅರ್ಥಶಾಸ್ತ್ರದ ಲೆಕ್ಕದಲ್ಲಿ ಆ ಆರು ಉತ್ಪಾದನೆ. ಈ ನಾಲ್ಕು ಲೆಕ್ಕಕ್ಕೇ ಇಲ್ಲ. ಲೆಕ್ಕ ಬರೆಯಲು ಬಂದವರಿಗೆ ಮನೆಯ ಗಂಡಸು, 'ಅವಳೇನೂ ಮಾಡೋದಿಲ್ಲ, ಮನೇಲಿರ್ತಾಳೆ' ಎಂದುಬಿಟ್ಟರೆ ಆ ಆರೂ ಹೋದವು.

ಇದು ಬರೀ ಮಾತಿನ ಚಮತ್ಕಾರವಲ್ಲ. 1961ರ ಜನಗಣತಿಯಲ್ಲಿ ನಮ್ಮ ದೇಶದ ದುಡಿಯುವ ಮಹಿಳೆಯರ ಸಂಖ್ಯೆ ಸುಮಾರು 5 ಕೋಟಿ 90 ಲಕ್ಷ. 1971ರಲ್ಲಿ ಅದು ಸುಮಾರು 3 ಕೋಟಿ 10 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಅಷ್ಟೊಂದು ಹೆಂಗಸರು ಕೈಕಟ್ಟಿ ಕುಳಿತರೇ? ಇಲ್ಲ. ಹೆಚ್ಚಿನ ಮಟ್ಟಿಗೆ ಬದಲಾದದ್ದು ಪ್ರಶ್ನೆ. 1961ರಲ್ಲಿ ಹಂಗಾಮಿನ ಬಹುಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದವರೂ ಕೆಲಸಗಾರರಾಗಿದ್ದರು. 1971ರಲ್ಲಿ 'ನಿಮ್ಮ ಮುಖ್ಯ ಕೆಲಸ ಯಾವುದು?' ಎಂದು ಕೇಳಲಾಯಿತು. ಹೊಲದಲ್ಲಿ ದುಡಿದು ಬಂದು ಅಡುಗೆ ಮಾಡುವವಳ ಮುಖ್ಯ ಕೆಲಸ ಮನೆವಾರ್ತೆ ಎಂದಾಯಿತು, ಆಕೆ ಪಟ್ಟಿಯಿಂದ ಹೊರಗಾದಳು. ವ್ಯಾಖ್ಯೆಯ ಶಕ್ತಿ ಇಂಥದು. 1974ರಲ್ಲಿ ಹೊರಬಂದ ಮಹಿಳೆಯರ ಸ್ಥಾನಮಾನ ಸಮಿತಿಯ ವರದಿ, ದುಡಿಮೆಯಲ್ಲಿ ಮಹಿಳೆಯರ ಪಾಲು ಕುಗ್ಗುತ್ತಿರುವುದನ್ನು ದೇಶದ ಮುಂದಿಟ್ಟಿತು. ಅದೇ ವರ್ಷ ನಮ್ಮ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿಯವರು ಮಹಿಳಾ ಅಧ್ಯಯನದ ಸಂಶೋಧನಾ ಘಟಕವನ್ನು ಆರಂಭಿಸಿದರು.

ಅಭಿವೃದ್ಧಿಯ ಅಧ್ಯಯನದಲ್ಲಿ ಸ್ತ್ರೀವಾದಿಗಳು ಮಾಡಿದ ಕೆಲಸವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಮೊದಲನೆಯದು, ಅಭಿವೃದ್ಧಿಯಲ್ಲಿ ಹೆಣ್ಣು ಎಲ್ಲಿದ್ದಾಳೆ? 1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ತಮ್ಮ ಪುಸ್ತಕದಲ್ಲಿ, ಬೇಸಾಯದಲ್ಲಿ ದುಡಿಯುವವಳು ಹೆಣ್ಣಾದರೂ ಹೊಸ ಉಪಕರಣ, ತರಬೇತಿ ಗಂಡಿಗೇ ಸಲ್ಲುತ್ತಿವೆ ಎಂದು ತೋರಿಸಿದರು. ಹಾಗಾದರೆ ಅವಳನ್ನೂ ಸೇರಿಸಿಕೊಳ್ಳಿ ಎಂಬುದು ಆ ಕಾಲದ ಉತ್ತರ.

ಎರಡನೆಯ ಪ್ರಶ್ನೆ, ಸೇರಿಸಿಕೊಳ್ಳುವ ಆ ಅಭಿವೃದ್ಧಿಯೇ ಸರಿಯಾಗಿದೆಯೇ? ಇದನ್ನು ಗಟ್ಟಿಯಾಗಿ ಕೇಳಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರ ಮುಂದಾಳತ್ವದಲ್ಲಿ 1984ರ ಆಗಸ್ಟ್‌ನಲ್ಲಿ ಬಡ ದೇಶಗಳ ಚಿಂತಕಿಯರು ಅಲ್ಲಿ ಸೇರಿದರು. 'ಡಾನ್' ಎಂಬ ಬಳಗ ಹುಟ್ಟಿತು. ಮರುವರ್ಷ ನೈರೋಬಿಯ ವಿಶ್ವ ಮಹಿಳಾ ಸಮ್ಮೇಳನದ ಹೊತ್ತಿಗೆ ಅದರ ಮಾತು ಜಗತ್ತಿಗೆ ಕೇಳಿಸಿತು. ಬಡ ಹೆಣ್ಣು ಅಭಿವೃದ್ಧಿಯ ಹೊರಗೆ ನಿಂತಿಲ್ಲ, ಅದರ ಹೊರೆ ಹೊತ್ತೇ ನಿಂತಿದ್ದಾಳೆ. ಆದ್ದರಿಂದ ಅವಳು ನಿಂತ ಜಾಗದಿಂದಲೇ ಅಭಿವೃದ್ಧಿಯನ್ನು ನೋಡಬೇಕು ಎಂಬುದು ಅದರ ಸಾರ. ಇದಕ್ಕೂ ಮೊದಲೇ, ಎಪ್ಪತ್ತರ ದಶಕದಲ್ಲಿ, ದೇವಕಿ ಜೈನ್ ಅವರು ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆಗಂಟೆಗೆ ಅಳೆಯುವ ಅಧ್ಯಯನ ನಡೆಸಿದ್ದರು. ಸರ್ಕಾರಿ ಲೆಕ್ಕಕ್ಕೆ ಸಿಗದ ದುಡಿಮೆ ಅಲ್ಲಿ ಕಣ್ಣಿಗೆ ಬಿತ್ತು.

ಮೂರನೆಯದು ಮನೆಯೊಳಗಿನ ಪ್ರಶ್ನೆ. ತೀರ್ಮಾನ ಯಾರದು? ಹಣ ಯಾರ ಕೈಯಲ್ಲಿ? ನೀರು ತುಂಬುವವರು ಯಾರು?

ಮತ್ತೆ ನಮ್ಮ ಗಿರಣ್‌ಗಾಂವ್‌ಗೆ ಬರೋಣ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿ, ಖಾನಾವಳಿ ಹೆಂಗಸರಿಗೆ ರಾಷ್ಟ್ರೀಕೃತ ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಅಡವಿಡಲು ಏನೂ ಇಲ್ಲದ ಹೆಂಗಸರು ಗುಂಪಾಗಿ ಒಬ್ಬರಿಗೊಬ್ಬರು ಜಾಮೀನು ನಿಂತರು. ಬ್ಯಾಂಕಿನ ಪುಸ್ತಕದಲ್ಲಿ 'ಮನೇಲಿರುವವಳು' ವ್ಯವಹಾರಸ್ಥೆಯಾದಳು. ಅದು ಮೊದಲ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರ. ಆದರೆ 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಸಂಬಳ ನಿಂತ ಮೇಲೆ ಖಾನಾವಳಿಯ ಬಾಕಿ ಎಲ್ಲಿಂದ ಬರಬೇಕು? ಮುಷ್ಕರದ ಕಥೆ ಹೇಳುವಾಗ ನಾವು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಎನ್ನುತ್ತೇವೆ. ಅವರಿಗೆ ಅನ್ನ ಹಾಕಿದ ಹೆಂಗಸರು ಆ ಸಂಖ್ಯೆಯಲ್ಲಿ ಇಲ್ಲ. ಸಾಲ ಸಿಕ್ಕಿದರೆ ಸಾಲದು, ಎರಡನೆಯ ಪ್ರಶ್ನೆಯೂ ಬೇಕು ಎಂದು ತಿಳಿಯುವುದು ಇಲ್ಲಿ.

'ಮನೆಗೆಲಸಕ್ಕೂ ಲೆಕ್ಕವೇ? ತಾಯಿಯ ಪ್ರೀತಿಗೆ ಬೆಲೆ ಕಟ್ಟುವುದೇ?' ಎಂದು ಕೆಲವರು ಕೇಳುವುದುಂಟು. ಲೆಕ್ಕ ಇಡುವುದೇ ಬೇರೆ, ಬೆಲೆ ಕಟ್ಟುವುದೇ ಬೇರೆ. ನೀರಿಗಾಗಿ ಎಷ್ಟು ಹೊತ್ತು ಹೋಗುತ್ತದೆಂದು ಬರೆದಿಟ್ಟರೆ ತಾನೇ ನಲ್ಲಿ ಎಲ್ಲಿ ಬೇಕೆಂದು ಗೊತ್ತಾಗುವುದು? ಮಗುವನ್ನು ನೋಡಿಕೊಳ್ಳುವವರು ಯಾರೆಂದು ತಿಳಿದರೆ ತಾನೇ ಪಾಳಣಾಘರ ಬೇಕೆಂದು ಕೇಳಲು ಬರುವುದು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಈ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ.

ಡೊಂಬಿವಲಿ, ಭಾಂಡೂಪ್, ಮೀರಾ ರೋಡ್‌ಗಳ ನಮ್ಮ ಕನ್ನಡ ಮನೆಗಳಲ್ಲೂ ಹೊಲಿಗೆ, ಹಪ್ಪಳ, ಡಬ್ಬದ ಊಟ, ಟ್ಯೂಷನ್ ನಡೆಸುವ ಅಕ್ಕಂದಿರು, ಅತ್ತಿಗೆಯರು ಇದ್ದಾರೆ. ಅಮ್ಮಂದಿರೇ, ಅಕ್ಕಂದಿರೇ, ಗಣತಿಯವರು ಬಾಗಿಲಿಗೆ ಬಂದಾಗ ಉತ್ತರವನ್ನು ನೀವೇ ಕೊಡಿ. ಮನೆಯಲ್ಲೇ ಕುಳಿತು ದುಡಿಯುವವರೂ ಹೆಸರು ಬರೆಸಬಹುದಾದ ಇ-ಶ್ರಮ್ ಎಂಬ ಅಸಂಘಟಿತ ಕಾರ್ಮಿಕರ ಪಟ್ಟಿ 2021ರಿಂದ ಇದೆ, ವಿಚಾರಿಸಿ ನೋಡಿ. ಅಣ್ಣಂದಿರಿಗೆ ಹೇಳುವುದಿಷ್ಟೇ: ಯಾರಾದರೂ ಕೇಳಿದಾಗ 'ಏನೂ ಮಾಡೋದಿಲ್ಲ' ಎನ್ನುವ ಮೊದಲು ಬೆಳಿಗ್ಗೆಯಿಂದ ಆಕೆ ಮಾಡಿದ್ದನ್ನು ಒಮ್ಮೆ ಎಣಿಸಿ.