ಮನಸ್ಸಿನ ಕಾಯಿಲೆಯೂ ಕಾಯಿಲೆಯೇ

(ಜುಮಾ ಪ್ರವಚನದ ಸಾರಾಂಶ)



ಅಲ್ಲಾಹನು ಮದ್ದಿಲ್ಲದ ಕಾಯಿಲೆಯನ್ನು ಇಳಿಸಿಲ್ಲ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಸಕ್ಕರೆ ಕಾಯಿಲೆ, ಬಿ.ಪಿ. ವಿಷಯದಲ್ಲಿ ಇದನ್ನು ಒಪ್ಪುವ ನಾವು, ಮನಸ್ಸಿನ ಕಾಯಿಲೆ ಎಂದಾಕ್ಷಣ ಮುಚ್ಚಿಡುತ್ತೇವೆ. ‘ಈಮಾನ್ ಕಡಿಮೆಯಾಗಿದೆ’ ಎನ್ನುತ್ತೇವೆ, ಇಲ್ಲವೇ ‘ನಜರ್ ತಾಗಿದೆ’ ಎಂದು ತಾಯತಕ್ಕೆ ಅಲೆಯುತ್ತೇವೆ.

ಮಗ ಯೂಸುಫ್(ಅ)ರನ್ನು ಅಗಲಿದ ದುಃಖದಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ಕಡಿಮೆಯಿತ್ತೆಂದು ಹೇಳಲು ನಮ್ಮಲ್ಲಿ ಯಾರಿಗೆ ಬಾಯಿ ಬಂದೀತು?

ನಮ್ಮ ಊರುಗಳು ನೋವು ಕಂಡಿವೆ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿ ಸಾವಿರಾರು ಮನೆಗಳ ಸಂಬಳ ನಿಂತಿತು. ಇಂದಿಗೂ ಕೆ.ಜಿ.ಎಫ್., ಬಂಗಾರಪೇಟೆಯ ಎಷ್ಟೋ ಮಂದಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಸಾಲ, ಕೆಲಸದ ಚಿಂತೆ, ನಿದ್ದೆಗೇಡು ಮನಸ್ಸನ್ನು ಸವೆಸುತ್ತವೆ.

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪ್ರಾಯೋಗಿಕ ಸಮೀಕ್ಷೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಸಮೀಕ್ಷೆಯ ಪ್ರಕಾರ 100 ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಮಾನಸಿಕ ತೊಂದರೆಯಿದೆ. 20 ಮಂದಿಯಲ್ಲಿ ಒಬ್ಬರು ಖಿನ್ನತೆ ಅನುಭವಿಸಿದವರು. ಅಂದರೆ ನಮಾಝಿನ ಒಂದೊಂದು ಸಫ್‌ನಲ್ಲೂ ಅಂಥವರಿರಬಹುದು. ಸಾಮಾನ್ಯ ಮಾನಸಿಕ ಕಾಯಿಲೆಯಿದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಲಕ್ಷಣಗಳನ್ನು ತಿಳಿದಿರೋಣ. ಎರಡು ವಾರ ಕಳೆದರೂ ಬಿಡದ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ-ಹಸಿವು ಕೆಡುವುದು, ಸುಸ್ತು, ‘ನಾನು ಯಾರಿಗೂ ಬೇಡ’ ಎಂಬ ಭಾವನೆ ಖಿನ್ನತೆಯ ಗುರುತುಗಳು. ಕಾರಣವಿಲ್ಲದ ಭಯ, ಎದೆ ಬಡಿತ, ಉಸಿರು ಕಟ್ಟಿದಂತಾಗುವುದು ಆತಂಕದ ಕಾಯಿಲೆಯಿರಬಹುದು. ಹೃದಯದ ತೊಂದರೆಯಲ್ಲವೆಂದು ಮೊದಲು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಇಲ್ಲದ ದನಿ ಕೇಳಿಸುವುದು, ಮನೆಯವರ ಮೇಲೇ ವಿಪರೀತ ಸಂಶಯ ಬಂದರೆ ‘ಜಿನ್ನ್ ಹಿಡಿದಿದೆ’ ಎಂದು ಹೊಡೆಯಬಾರದು, ಕಟ್ಟಿಹಾಕಬಾರದು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಯಾರಾದರೂ ‘ಬದುಕು ಸಾಕು’ ಎಂದರೆ ‘ಅದು ಹರಾಮ್’ ಎಂದು ಬಾಯಿ ಮುಚ್ಚಿಸಿ ಎದ್ದು ಹೋಗದಿರೋಣ. ಪಕ್ಕದಲ್ಲಿ ಕುಳಿತು ಕೇಳೋಣ, ಒಂಟಿಯಾಗಿ ಬಿಡದಿರೋಣ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ವಿಚಾರಿಸೋಣ. ಶುರು ಮಾಡಿದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸದಿರೋಣ.

ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಹೇಳಿದರು. ದುಆ ಬಿಡುವುದು ಬೇಡ, ಮದ್ದನ್ನೂ ಬಿಡುವುದು ಬೇಡ. ಮನನೊಂದ ಎಲ್ಲರಿಗೂ ಅಲ್ಲಾಹನು ಶಿಫಾ ಕರುಣಿಸಲಿ. ಆಮೀನ್.