ಉತ್ತಮ್ ನಗರದ ಕುಂಬಾರರೂ ನಮ್ಮ ಮಕ್ಕಳೂ



ಮಡಕೆ ಮಾಡುವುದು, ಮಕ್ಕಳಿಗೆ ಚಿತ್ರಕಲೆ ಕಲಿಸುವುದು, ಇವೆರಡೇ ನನಗೆ ಗೊತ್ತಿರುವ ಕೆಲಸ. ಈ ದಾರಿ ಹೇಗೆ ಹಿಡಿದಿರಿ, ಹುಡುಗರಿಗೆ ಸ್ಫೂರ್ತಿಯಾಗುವ ಹಾಗೆ ಹೇಳಿ ಎಂದಿದ್ದಾರೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು. ನನ್ನ ಕಥೆಯಲ್ಲಿ ಅಷ್ಟು ದಮ್ಮಿಲ್ಲ. ಇದೇ ದೆಹಲಿಯಲ್ಲಿ ಮಣ್ಣು ಹಿಡಿದ ಇಬ್ಬರ ಕಥೆ ಹೇಳುತ್ತೇನೆ.

ಮೊದಲನೆಯವರು ಸರ್ದಾರ್ ಗುರ್ಚರಣ್ ಸಿಂಗ್, ಓದಿದ್ದು ಭೂವಿಜ್ಞಾನ. ನವದೆಹಲಿ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ ತಂದೆಯ ಸ್ನೇಹಿತರ ಇಟ್ಟಿಗೆ ಗೂಡಿಗೆ ಕೆಲಸ ಕಲಿಯಲು ಬಂದರು. ಅಲ್ಲಿ ಸಿಕ್ಕವರು ಅಬ್ದುಲ್ಲಾ, ತಲೆಮಾರುಗಳಿಂದ ನೀಲಿ ಹೊಳಪಿನ ಹೆಂಚು, ಪಾತ್ರೆ ಮಾಡುತ್ತಿದ್ದ ಪಠಾಣ ಮನೆತನದವರು. ಆ ನೀಲಿಯೇ ಗುರ್ಚರಣ್ ಸಿಂಗರನ್ನು ಹಿಡಿದುಹಾಕಿತು. 1919ರಲ್ಲಿ ಜಪಾನಿಗೆ ಹೋಗಿ, ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್, ಜಪಾನಿನ ಕಲಾ ಚಿಂತಕ ಯಾನಗಿ ಅಂಥವರ ಒಡನಾಟ ಮಾಡಿ, 1922ರಲ್ಲಿ ಹಿಂತಿರುಗಿದರು. ಸ್ವಂತದ್ದೆಂದು ಡೆಲ್ಲಿ ಬ್ಲೂ ಪಾಟರಿ ಶುರುಮಾಡಿದ್ದು ಯಾವಾಗ ಗೊತ್ತೇ? 1952ರಲ್ಲಿ! ನಡುವಿನ ಮೂವತ್ತು ವರ್ಷ ನೌಕರಿ. ಇಪ್ಪತ್ತೈದಕ್ಕೇ ಜೀವನದ ಗುರಿ ಸಿಗಲಿಲ್ಲವೆಂದು ಕೊರಗುವ ಹುಡುಗರು ಈ ಲೆಕ್ಕವನ್ನು ಒಮ್ಮೆ ನೋಡಲಿ. ಗುರ್ಚರಣ್ ಸಿಂಗರಿಗೆ 1991ರಲ್ಲಿ ಪದ್ಮಶ್ರೀ ಬಂತು.

ಇನ್ನೊಬ್ಬರು ದೇವಿ ಪ್ರಸಾದ್. ನನಗೆ ಹೆಚ್ಚು ಹತ್ತಿರದವರು, ಯಾಕೆಂದರೆ ಮೊದಲು ಮೇಷ್ಟರು. ಶಾಂತಿನಿಕೇತನದಲ್ಲಿ ಕಲಿತು 1944ರಲ್ಲಿ ಸೇವಾಗ್ರಾಮ ಸೇರಿ, ಗಾಂಧೀಜಿಯ ನಯೀ ತಾಲೀಮ್ ಶಿಕ್ಷಣದ ಮಕ್ಕಳಿಗೆ ಚಿತ್ರ ಕಲಿಸಿದರು. ಆಮೇಲೆ ಲಂಡನ್ನಿನಲ್ಲಿ ಯುದ್ಧ ವಿರೋಧಿ ಚಳವಳಿ. ಎಂಬತ್ತರ ದಶಕದಲ್ಲಿ ಭಾರತಕ್ಕೆ ಮರಳಿ ದೆಹಲಿಯಲ್ಲಿ ಮತ್ತೆ ತಿಗುರಿ. 2011ರಲ್ಲಿ ತೀರಿಕೊಂಡರು. ಶಾಲೆಗೆ ಕಲೆಯೇ ತಳಪಾಯ ಎಂದು ವಾದಿಸಿ ಪುಸ್ತಕ ಬರೆದಿದ್ದರು. ಆದರೆ ನಮ್ಮ ಶಾಲೆಗಳಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಮಾಯವಾಗುವುದೇ ಚಿತ್ರಕಲೆಯ ಪಿರಿಯಡ್ಡು, ಅದನ್ನು ಗಣಿತದವರು ಎತ್ತಿಕೊಂಡು ಹೋಗುತ್ತಾರೆ.

ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತೇವಲ್ಲ, ನನ್ನ ತರಗತಿಯಲ್ಲಿ ದೊಣ್ಣೆಗೆ ಅಷ್ಟು ಮರ್ಯಾದೆ ಇಲ್ಲ. ಸುಡುವ ಮೊದಲು ಒಡೆದದ್ದನ್ನು ನೀರಿಗೆ ಹಾಕಿದರೆ ಮತ್ತೆ ಮಣ್ಣೇ. ಆವಿಗೆಗೆ ಹೋಗಿ ಕೆಂಪಾದ ಮೇಲಷ್ಟೇ ಅದು ಹಿಂದೆ ಬಾರದು. ನಾಲ್ಕನೇ ತರಗತಿಯವರಿಗೆ ಇದು ಬೇಗ ತಿಳಿಯುತ್ತದೆ, ಅಪ್ಪ ಅಮ್ಮಂದಿರಿಗೆ ನಿಧಾನ. ಮೇ ತಿಂಗಳ ಲೂ ಎಂಬ ಬಿಸಿಗಾಳಿಗೆ ಹಸಿ ಮಡಕೆ ಒಂದೇ ಮಧ್ಯಾಹ್ನದಲ್ಲಿ ಬಿರುಕು ಬಿಡುತ್ತದೆ, ಜನವರಿಯಲ್ಲಿ ಎಷ್ಟು ದಿನವಾದರೂ ಒಣಗುವುದಿಲ್ಲ. ತಾಳ್ಮೆ ಎಂಬ ಪಾಠವನ್ನು ನಾನು ಬೇರೆಯಾಗಿ ಮಾಡಬೇಕಿಲ್ಲ, ದೆಹಲಿಯ ಹವೆಯೇ ಮಾಡುತ್ತದೆ.

ಆದರೆ ನನ್ನನ್ನು ಚುಚ್ಚುವ ಮಾತೊಂದಿದೆ. ನಾನು ಈ ಕಸುಬನ್ನು ಆರಿಸಿಕೊಂಡೆ, ಅದಕ್ಕೇ ಜನ ಕಲಾವಿದೆ ಎನ್ನುತ್ತಾರೆ, ಶಾಲು ಹೊದಿಸುತ್ತಾರೆ. ಉತ್ತಮ್ ನಗರದ ಪ್ರಜಾಪತಿ ಕಾಲೊನಿಗೆ ಹೋಗಿ ನೋಡಿ. ರಾಜಸ್ಥಾನ, ಹರಿಯಾಣಗಳಿಂದ ಬಂದ ನೂರಾರು ಕುಂಬಾರ ಕುಟುಂಬಗಳು. ನಾನು ವರ್ಷಗಟ್ಟಲೆ ಒದ್ದಾಡಿ ಕಲಿತ ಹದ ಅಲ್ಲಿಯ ಹೈಸ್ಕೂಲು ಹುಡುಗನ ಬೆರಳಲ್ಲಿದೆ. ಆ ದಾರಿ ಹೇಗೆ ಹಿಡಿದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ದೀಪಾವಳಿಗೆ ಅವನ ಹಣತೆಯನ್ನು ಡಜನ್ನಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತೇವೆ. ಪದ್ಮಶ್ರೀ ಪಡೆದ ಗುರ್ಚರಣ್ ಸಿಂಗ್‌ಗೆ ನೀಲಿಯ ದಾರಿ ತೋರಿದ ಅಬ್ದುಲ್ಲಾರ ಹೆಸರು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ಕನ್ನಡದವರಾದ ನಮಗೆ ಕುಂಬಾರನನ್ನು ಗೌರವಿಸುವುದು ಹೊಸ ವಿಷಯ ಆಗಬಾರದಿತ್ತು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ಸದ್ದಿಗೆ ಶಿವನೇ ಕುಣಿಯುತ್ತಾನೆ. ಗುಂಡಯ್ಯನ ಹೆಂಡತಿ ಕೇತಲದೇವಿ ವಚನಗಾರ್ತಿ. ಮಣ್ಣು ತುಳಿದ ಮನೆಯಲ್ಲೇ ಮಾತೂ ಹುಟ್ಟಿತ್ತು.

ಹಾಗಾಗಿ ಸಂಘಕ್ಕೆ ನನ್ನದೊಂದು ಬೇಡಿಕೆ. ಮುಂದಿನ ಬೇಸಿಗೆ ಶಿಬಿರಕ್ಕೆ ಮಣ್ಣಿನ ಕೆಲಸ ಕಲಿಸಲು ನನ್ನನ್ನು ಕರೆಯಬೇಡಿ. ಉತ್ತಮ್ ನಗರದಿಂದ ಒಬ್ಬರನ್ನು ಕರೆಯೋಣ, ನನಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡೋಣ, ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಮುಂದೆ ಗುರುಗಳು ಎಂದೇ ಅಚ್ಚು ಹಾಕಿಸೋಣ. ಹಿಂದಿಯಿಂದ ಕನ್ನಡಕ್ಕೆ ಹೇಳಲು ನಾನು ಪಕ್ಕದಲ್ಲಿ ಕೂರುತ್ತೇನೆ, ಮಣ್ಣೂ ನಾದಿ ಕೊಡುತ್ತೇನೆ. ಮಕ್ಕಳಿಗೆ ಹಳೆಯ ಬಟ್ಟೆ ಹಾಕಿ ಕಳಿಸಿ. ಕಲೆ ಹೋಗಲಿಲ್ಲವೆಂದು ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಜಗಳ ತೆಗೆಯಬೇಡಿ.